ಕೋವಿ ಇಲ್ಲದೆ ಕಾಡಂಚಿನಲ್ಲಿ: ಬೆಂಗಳೂರಿನ ಸುತ್ತ ನನ್ನ ಅನುಭವ

ಹಾರೋಹಳ್ಳಿಯಿಂದ ಒಳಗೆ, ಕಾಡಿನ ಪಕ್ಕದಲ್ಲಿ ನಮ್ಮ ತೋಟ ಇದೆ ಅಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, 'ಅಲ್ಲಿ ಆನೆ ಬರುತ್ತಾ?' ಬರುತ್ತೆ ಅಂದರೆ ಎರಡನೆಯದು ಸಿದ್ಧವಾಗಿರುತ್ತದೆ. 'ಮತ್ತೆ, ಗನ್ ಇಟ್ಕೊಂಡಿದ್ದೀರಾ?'

ಇಲ್ಲ. ಇಟ್ಟುಕೊಳ್ಳುವ ಯೋಚನೆಯೂ ಇಲ್ಲ. ನಾನು ಜೆ.ಪಿ. ನಗರದ ಮನೆಯಲ್ಲಿ ಇರುವವಳು. ವಾರದ ಕೊನೆಗೆ ತೋಟಕ್ಕೆ ಹೋಗುತ್ತೇನೆ. ಅದರ ಜೊತೆಗೆ ಹಕ್ಕಿ ನೋಡುವ ಚಟ ಇದೆ. ಸಾವನದುರ್ಗ, ರಾಮನಗರದ ಬೆಟ್ಟಗಳು, ತುರಹಳ್ಳಿ ಅಂತ ಸುತ್ತುತ್ತಾ ಇರುತ್ತೇನೆ. ಹೊಸಬರು ಯಾರಾದರೂ ಜೊತೆಗೆ ಬಂದರೆ ಅವರನ್ನೂ ಕ್ಷೇಮವಾಗಿ ವಾಪಸ್ ಕರೆತರುವ ಜವಾಬ್ದಾರಿ ನನ್ನದೇ. ಹೀಗಾಗಿ ಈ ವಿಷಯದಲ್ಲಿ ನಾನು ಏನು ಮಾಡುತ್ತೇನೆ, ಯಾಕೆ ಮಾಡುತ್ತೇನೆ ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಮೊದಲು ಕೋವಿಯ ವಿಷಯ ಮುಗಿಸಿಬಿಡೋಣ. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಸಿಕ್ಕರೂ ಚುನಾವಣೆ ಬಂದಾಗ ಸಾಮಾನ್ಯವಾಗಿ ಠಾಣೆಗೆ ತೆಗೆದುಕೊಂಡು ಹೋಗಿ ಇಟ್ಟು ಬರಬೇಕು. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಹಾಗಿದೆ. ಆನೆ, ಚಿರತೆ, ಕರಡಿ ಮೂರೂ ಅದರ ಮೊದಲನೇ ಷೆಡ್ಯೂಲ್‌ನಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿವೆ. ಜೀವ ಉಳಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದೆ ಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ, ನಿಜ. ಆದರೆ ನನ್ನ ತಕರಾರು ಕಾನೂನಿನದ್ದಲ್ಲ. ಪೊದೆಯಿಂದ ಕರಡಿ ನುಗ್ಗಿ ಬಂದಾಗ ನಿಮಗೆ ಸಿಗುವುದು ಎರಡೋ ಮೂರೋ ಸೆಕೆಂಡು. ಅಷ್ಟರಲ್ಲಿ ಭುಜದಿಂದ ಕೋವಿ ಇಳಿಸಿ, ಗುರಿ ಹಿಡಿದು, ನಡುಗದ ಕೈಯಲ್ಲಿ ಹೊಡೆಯುವವರು ಎಷ್ಟು ಜನ ಇದ್ದಾರೆ? ಗುರಿ ತಪ್ಪಿ ಚರೆ ಗುಂಡು ಮೈಯಲ್ಲಿ ಹೊಕ್ಕ ಸಲಗ ಸಾಯುವುದಿಲ್ಲ. ನೋವು ತಿನ್ನುತ್ತಾ ಅದೇ ಊರುಗಳ ಸುತ್ತ ಓಡಾಡಿಕೊಂಡಿರುತ್ತದೆ. ಮುಂದೆ ಅದರ ಎದುರಿಗೆ ಸಿಗುವವರು ಹೊಡೆದವರಲ್ಲ, ಬೆಳಗ್ಗೆ ಹಾಲು ಹಾಕಲು ಹೊರಟವರು.

ಅಮೆರಿಕದಲ್ಲಿರುವ ಅಣ್ಣನ ಮಗ ಒಂದು ಸಲ ಫೋನಿನಲ್ಲಿ, 'ಅತ್ತೆ, ಇಲ್ಲಿ ಟ್ರೆಕ್ಕಿಂಗ್ ಹೋಗೋರೆಲ್ಲ ಬೇರ್ ಸ್ಪ್ರೇ ಇಟ್ಕೋತಾರೆ, ಒಂದು ತರಲಾ?' ಅಂದ. ಖಾರದ ಅಂಶ ತುಂಬಿದ ಡಬ್ಬಿ ಅದು. ಕರಡಿ ಹತ್ತಿರ ಬಂದಾಗ ಅದರ ಮುಖಕ್ಕೆ ಮೋಡದ ಹಾಗೆ ಬಿಡುವುದು. ಅಲಾಸ್ಕಾದಲ್ಲಿ ಅದರ ಬಗ್ಗೆ ಒಳ್ಳೆಯ ಅಧ್ಯಯನ ಆಗಿದೆ. 2008ರಲ್ಲಿ ಬಂದ ವರದಿಯಲ್ಲಿ, ಕಂದು ಕರಡಿಗಳ ಮೇಲೆ ಸ್ಪ್ರೇ ಬಳಸಿದ ಪ್ರಸಂಗಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಕರಡಿ ತನ್ನ ಹಟ ಬಿಟ್ಟಿತ್ತು. ಅದೇ ತಂಡದವರು 2012ರಲ್ಲಿ ಬಂದೂಕಿನ ಲೆಕ್ಕವನ್ನೂ ತೆಗೆದರು. ಬಂದೂಕು ಬಳಸಿದವರಿಗೂ ಕೈಯಲ್ಲಿದ್ದೂ ಬಳಸದವರಿಗೂ ಪೆಟ್ಟು ಬೀಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಮಾತು ನನಗೆ ತುಂಬಾ ಹಿಡಿಸಿತು. ಆದರೆ ಸ್ಪ್ರೇ ಬೇಡ ಅಂದೆ. ವಿಮಾನದಲ್ಲಿ ತರಲು ಹೇಗೂ ಬಿಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದೂ ಕೊನೆಯ ಐದು ಸೆಕೆಂಡಿನ ಸಾಮಾನೇ. ನನ್ನ ಗಮನವೆಲ್ಲ ಅದಕ್ಕೆ ಮುಂಚಿನ ಅರ್ಧ ಗಂಟೆಯ ಮೇಲೆ. ಪ್ರಾಣಿಗೆ ನಾನು ಇರುವುದು ಮೊದಲೇ ಗೊತ್ತಾಗಬೇಕು, ಅದು ಇರುವುದು ನನಗೆ ಮೊದಲೇ ಗೊತ್ತಾಗಬೇಕು, ಅದಕ್ಕೆ ಹೋಗಲು ದಾರಿ ಇರಬೇಕು. ಇಷ್ಟು ಆದರೆ ಆ ಐದು ಸೆಕೆಂಡು ಬರುವುದೇ ಅಪರೂಪ.

ಆನೆಯಿಂದ ಶುರು ಮಾಡುತ್ತೇನೆ, ನಮ್ಮ ಕಡೆ ಅದೇ ದೊಡ್ಡ ವಿಷಯ. ಬನ್ನೇರುಘಟ್ಟ ಅಂದರೆ ನಗರದವರಿಗೆ ಸಫಾರಿ ಬಸ್ಸು, ಜೂ. ಆದರೆ 1974ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ ಸುಮಾರು 260 ಚದರ ಕಿಲೋಮೀಟರ್ ಇದೆ. ಅಗಲ ಕಮ್ಮಿ, ಉದ್ದ ಜಾಸ್ತಿ. ಉತ್ತರದ ತುದಿ ಬೆಂಗಳೂರಿನ ಬಡಾವಣೆಗಳಿಗೆ ತಾಗಿದೆ. ದಕ್ಷಿಣಕ್ಕೆ ಕಾವೇರಿ ವನ್ಯಜೀವಿ ಧಾಮ, ಪೂರ್ವಕ್ಕೆ ತಮಿಳುನಾಡಿನ ತಳಿ, ಜವಳಗಿರಿ ಕಡೆಯ ಕಾಡು. ಆನೆಗಳು ಇಷ್ಟೂ ಜಾಗವನ್ನು ಒಂದೇ ಕಾಡು ಅಂತ ನಡೆಯುತ್ತವೆ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳು ಅಂತ ಲೆಕ್ಕ ಸಿಕ್ಕಿತು, ದೇಶದಲ್ಲೇ ಜಾಸ್ತಿ. ಅವುಗಳಲ್ಲಿ ಕೆಲವು ನಮ್ಮ ಬೇಲಿ ಪಕ್ಕ ಹಾದು ಹೋಗುವುದರಲ್ಲಿ ಆಶ್ಚರ್ಯ ಏನಿದೆ? ಅವು ದಾರಿ ತಪ್ಪಿ ಬಂದವಲ್ಲ. ದಾರಿಯಲ್ಲಿ ತೋಟ ಮಾಡಿದವರು ನಾವು.

ನನಗೆ ಆನೆ ಪಾಠ ಹೇಳಿಕೊಟ್ಟವರು ಊರಿನ ಒಬ್ಬ ಹಿರಿಯ ಅಣ್ಣ. ಅರಣ್ಯ ಇಲಾಖೆಯಲ್ಲಿ ವಾಚರ್, ಅಂದರೆ ಕಾಡು ಕಾಯುವ ಕೆಲಸ ಮಾಡಿ ಬಿಟ್ಟವರು. ಅವರ ಜೊತೆ ನಡೆದರೆ ಗೊತ್ತಾಗುತ್ತದೆ, ನಾವು ಕಾಡಿನಲ್ಲಿ ಎಷ್ಟು ಕುರುಡರ ಹಾಗೆ ನಡೆಯುತ್ತೇವೆ ಅಂತ. ದಾರಿಯಲ್ಲಿ ಲದ್ದಿ ಕಂಡರೆ ಅವರು ಫೋಟೋ ತೆಗೆಯುವುದಿಲ್ಲ. ಕಾಲಿನ ತುದಿಯಿಂದ ಒಡೆದು, ಒಳಗಿನ ಭಾಗಕ್ಕೆ ಅಂಗೈ ಒಡ್ಡುತ್ತಾರೆ. ಮೇಲೆ ಒಣಗಿದ್ದರೂ ಒಳಗೆ ಬಿಸಿ ಇರಬಹುದು. ಬಿಸಿ ಇದ್ದರೆ ಆನೆ ಇನ್ನೂ ಇಲ್ಲೇ ಎಲ್ಲೋ ಇದೆ. ರಾಗಿ ಕಾಳು, ಹುಲ್ಲಿನ ನಾರು ಕಂಡರೆ ರಾತ್ರಿ ಯಾರದೋ ಹೊಲಕ್ಕೆ ನುಗ್ಗಿ ಬಂದದ್ದು. ಅಂದರೆ ಹಗಲು ಹತ್ತಿರದ ನೆರಳಲ್ಲಿ ನಿಂತು ಸುಧಾರಿಸಿಕೊಳ್ಳುತ್ತಿರುತ್ತದೆ. ಮುರಿದ ಕೊಂಬೆಯ ತಿರುಳು ಬಿಳಿ ಇದೆಯಾ, ಕಂದಾಗಿದೆಯಾ? ಎಲೆ ಬಾಡಿದೆಯಾ? ಹೆಜ್ಜೆಯ ಅಂಚು ಚೂಪಾಗಿದೆಯಾ, ಅದರ ಮೇಲೆ ಇರುವೆ ಸಾಲು ಹೋಗಿದೆಯಾ? ಇಷ್ಟು ನೋಡಲು ಅವರಿಗೆ ಅರ್ಧ ನಿಮಿಷ ಸಾಕು. ನನಗೆ ಈಗಲೂ ಎರಡು ಮೂರು ನಿಮಿಷ ಬೇಕು, ಆದರೂ ನಿಂತು ನೋಡಿಯೇ ಮುಂದಕ್ಕೆ ಹೆಜ್ಜೆ ಇಡುತ್ತೇನೆ.

ಒಂದು ಡಿಸೆಂಬರ್ ಬೆಳಗ್ಗೆ ಕೆರೆ ಏರಿಯ ಮೇಲೆ ಹೋಗುತ್ತಿದ್ದೆವು. ಇಬ್ಬನಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಮುಂದೆ ಇದ್ದ ಅಣ್ಣ ಥಟ್ಟನೆ ನಿಂತು ಕೈ ಹಿಂದಕ್ಕೆ ಚಾಚಿದರು. ನನಗೆ ಏನೂ ಕಾಣಲಿಲ್ಲ. ಮೊದಲು ಬಂದದ್ದು ವಾಸನೆ, ದನದ ಕೊಟ್ಟಿಗೆಯದಕ್ಕಿಂತ ಸ್ವಲ್ಪ ಹುಳಿ. ಆಮೇಲೆ ಕಟಕ್ ಅಂತ ಒಂದು ಕೊಂಬೆ. ಕೆರೆಯಂಗಳದ ಜಾಲಿ ಮರಗಳ ನಡುವೆ ಬೂದು ಬೆನ್ನುಗಳು, ಒಂದು ಮರಿ ಕೂಡ. ಅಣ್ಣ ಬಗ್ಗಿ ಚಿಟಿಕೆ ಮಣ್ಣು ತೆಗೆದು ಬೆರಳ ಸಂದಿಯಿಂದ ಬಿಟ್ಟರು. ಅಷ್ಟರಲ್ಲಿ ಗಾಳಿ ತಿರುಗಿತ್ತು, ಧೂಳು ನೆಟ್ಟಗೆ ಕೆರೆಯ ಕಡೆಗೇ ತೇಲಿತು. 'ಗಾಳಿ ಅತ್ಲಾಗೇ ಹೋಯ್ತೈತೆ ಅಕ್ಕಾ, ಇನ್ನೇನ್ ಮೂಸಿ ನೋಡ್ತವೆ. ಮೆಲ್ಲಗೆ ಹಿಂದಕ್ಕೆ.' ಅವರು ಹೇಳಿ ಮುಗಿಸುವಷ್ಟರಲ್ಲಿ ದೊಡ್ಡ ಹೆಣ್ಣಾನೆ ಮೇಯುವುದನ್ನು ನಿಲ್ಲಿಸಿತು. ಬೀಸುತ್ತಿದ್ದ ಕಿವಿ ಹಾಗೇ ಅಗಲವಾಗಿ ನಿಂತವು. ಸೊಂಡಿಲು ಎತ್ತಿ ತುದಿಯನ್ನು ನಮ್ಮ ಕಡೆ ತಿರುಗಿಸಿತು. ನಾವು ಮಾತಾಡದೆ, ಬೆನ್ನು ತಿರುಗಿಸದೆ, ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು ಏರಿಯ ಇಳಿಜಾರಿನ ಆಚೆ ಮರೆಯಾದೆವು. ಅಷ್ಟೇ. ಅದು ನಮ್ಮ ಹಿಂದೆ ಬರಲಿಲ್ಲ. ಯಾಕೆ ಬರಬೇಕು? ನಾವು ಹೋದದ್ದು ಅದಕ್ಕೆ ಗೊತ್ತಾಗಿತ್ತಲ್ಲ.

ಅಂದಿನಿಂದ ಹೊಸಬರಿಗೆ ನಾನು ಹೇಳುವುದು ಒಂದೇ. ಆನೆಯ ದಂತ, ಗಾತ್ರ ಎಲ್ಲ ಆಮೇಲೆ, ಮೊದಲು ಅದು ಮೇಯುತ್ತಿದೆಯಾ ನೋಡಿ. ಕಿವಿ, ಬಾಲ ಆಡಿಸುತ್ತಾ ತಿನ್ನುತ್ತಿದ್ದರೆ ಅದರ ಮನಸ್ಸು ಮೇವಿನ ಮೇಲಿದೆ. ತಿನ್ನುವುದು ನಿಂತರೆ ಅದರ ಮನಸ್ಸು ನಿಮ್ಮ ಮೇಲೆ ಬಂತು ಅಂತ. ಆಗಲೇ ಹಿಂದೆ ಸರಿಯಬೇಕು. ಅದು ಘೀಳಿಡುವವರೆಗೆ ಕಾಯುವುದಲ್ಲ. ಕಣ್ಣು ಮತ್ತು ಕಿವಿಯ ನಡುವೆ ಕಪ್ಪಗೆ ಒದ್ದೆ ಇಳಿದಿದ್ದರೆ ಅದು ಮದಕ್ಕೆ ಬಂದ ಸಲಗ. ಅಂಥದ್ದು ಎಷ್ಟೇ ದೂರದಲ್ಲಿ ಕಂಡರೂ ಆ ದಿನದ ತಿರುಗಾಟ ಅಲ್ಲಿಗೇ ಮುಗಿಸಿ ಮನೆಗೆ ಹೊರಡುತ್ತೇವೆ. ಇಳಿಜಾರಿನಲ್ಲಿ ಓಡಿದರೆ ಆನೆಗೆ ಓಡಲು ಬರುವುದಿಲ್ಲ ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಚೆನ್ನಾಗಿಯೇ ಓಡುತ್ತದೆ. ಅಟ್ಟಿಸಿಕೊಂಡೇ ಬಂದರೆ ದೊಡ್ಡ ಬಂಡೆ, ಆನೆ ಕಂದಕ, ಗಟ್ಟಿ ಕಟ್ಟಡ, ಇಂಥದ್ದರ ಆಚೆ ಸೇರಬೇಕು. ಹಾಗಾಗಿ ಹೊಸ ಜಾಗಕ್ಕೆ ಹೋದಾಗ ಹಕ್ಕಿ ಹುಡುಕುವ ಮೊದಲು ಅಂಥ ಜಾಗ ಎಲ್ಲಿದೆ ಅಂತ ಒಮ್ಮೆ ಕಣ್ಣಾಡಿಸುವುದು ನನ್ನ ರೂಢಿ.

ಇನ್ನು ಸಮಯ. ರಾಗಿ ತೆನೆ ಕಟ್ಟುವ ಅಕ್ಟೋಬರ್-ನವೆಂಬರ್‌ನಿಂದ ಕಣ ಮುಗಿಯುವ ಜನವರಿವರೆಗೆ ಆನೆ ಹಾವಳಿ ಜೋರು. ಆ ತಿಂಗಳುಗಳಲ್ಲಿ ಕತ್ತಲಾದ ಮೇಲೆ ತೋಟಕ್ಕೆ ಹೋಗುವುದೂ ಇಲ್ಲ, ಅಲ್ಲಿಂದ ಹೊರಡುವುದೂ ಇಲ್ಲ. ಬೆಳಕು ಸರಿಯಾಗಿ ಹರಿಯುವ ಮೊದಲು ಬೈಕಿನಲ್ಲಿ ಕಾಡಂಚಿನ ರಸ್ತೆ ಹಿಡಿಯುವುದು ಎಲ್ಲಕ್ಕಿಂತ ಅಪಾಯ. ಬೈಕಿನ ಸದ್ದಿನಲ್ಲಿ ನಿಮಗೆ ಬೇರೇನೂ ಕೇಳುವುದಿಲ್ಲ, ತಿರುವು ದಾಟಿದರೆ ಎದುರಿಗೇ ಇರುತ್ತದೆ. ಊರಿನ ಹುಡುಗರು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದಾರೆ. 'ಕೆರೆ ಹತ್ರ ಇಳಿದಿವೆ' ಅಂತ ಒಂದು ಸಾಲು ಬಂದರೆ ಸಾಕು. ಬೆಂಗಳೂರು ಬಿಡುವ ಮೊದಲು ಅದನ್ನು ನೋಡುತ್ತೇನೆ. ಕಾರಿನಲ್ಲಿರುವಾಗ ಆನೆ ಅಡ್ಡ ಬಂದರೆ ದೂರದಲ್ಲೇ ನಿಲ್ಲಿಸಿ, ಲೈಟ್ ತಗ್ಗಿಸಿ, ರಿವರ್ಸ್ ಹಾಕುವುದು. ಹಾರ್ನ್ ಮಾತ್ರ ಬೇಡ. ಹಿಂದಿನ ಗಾಡಿಯವರು ಹೊಡೆಯುತ್ತಾರೆ, ಅವರಿಗೆ ಕೈ ಮುಗಿದು ಸುಮ್ಮನಿರಿಸಬೇಕು.

ತೋಟದೊಳಗೆ ಮಾಡಿದ ಬದಲಾವಣೆ ಇನ್ನೂ ಸಾದಾ. ಶೆಡ್ಡಿನಲ್ಲಿ ರಾಗಿ, ಉಪ್ಪು, ಬೆಲ್ಲ ಇಡುವುದಿಲ್ಲ. ಇವುಗಳ ವಾಸನೆಗೆ ಆನೆ ಗೋಡೆಯನ್ನೇ ಒಡೆಯುತ್ತದೆ. ಹಲಸು ಬಲಿಯುವ ಮುಂಚೆ ಕಾಯಿ ಇಳಿಸಿ ಹಂಚಿಬಿಡುತ್ತೇವೆ. ಹಣ್ಣಿಗೆ ಆಸೆ ಪಟ್ಟು ಮರದಲ್ಲಿ ಬಿಟ್ಟರೆ, ಆನೆಯನ್ನು ಊಟಕ್ಕೆ ಕರೆದ ಹಾಗೇ. ಸೋಲಾರ್ ಬೇಲಿ ಹಾಕಿಸಿದ್ದೇವೆ. ಅದರಲ್ಲಿ ಕರೆಂಟ್ ಬಿಟ್ಟು ಬಿಟ್ಟು, ಕ್ಷಣಕಾಲ ಮಾತ್ರ ಹರಿಯುತ್ತದೆ. ಜೋರಾಗಿ ಚುರುಕ್ ಅನ್ನುತ್ತದೆ, ಜೀವ ತೆಗೆಯುವುದಿಲ್ಲ. ಹಾಕಿಸುವಾಗ ಎಲ್ಲರೂ ಬೇಲಿ ನೋಡುತ್ತಾರೆ, ಆಮೇಲೆ ಯಾರೂ ಅದರ ಬುಡ ನೋಡುವುದಿಲ್ಲ. ಹುಲ್ಲು, ಬಳ್ಳಿ ಬೆಳೆದು ತಂತಿಗೆ ತಾಗಿದರೆ ಕರೆಂಟ್ ಎಲ್ಲ ನೆಲಕ್ಕೆ ಸೋರಿಹೋಗುತ್ತದೆ. ಮಳೆಗಾಲದಲ್ಲಿ ಬುಡ ಸವರುವುದೇ ಒಂದು ಕೆಲಸ. ಜಾಣ ಸಲಗಗಳು ದಂತದಿಂದ ತಂತಿ ಎತ್ತುವುದು, ಕಂಬದ ಮೇಲೆ ಮರ ಉರುಳಿಸುವುದು ಇದ್ದೇ ಇದೆ. ದಂತಕ್ಕೆ ಶಾಕ್ ಹೊಡೆಯುವುದಿಲ್ಲ ಅನ್ನುವುದು ಅವಕ್ಕೆ ಗೊತ್ತು. ಬೇಲಿ ಅಂದರೆ ಕೋಟೆ ಅಲ್ಲ, 'ಈ ಕಡೆ ಕಿರಿಕಿರಿ ಜಾಸ್ತಿ, ಆ ಕಡೆ ಹೋಗು' ಅನ್ನುವ ಸೂಚನೆ ಅಷ್ಟೇ. ಆದರೆ ಮನೆ ಲೈನಿನಿಂದ ನೇರವಾಗಿ ತಂತಿಗೆ ಕರೆಂಟ್ ಕೊಡುವವರನ್ನು ನಾನು ಕ್ಷಮಿಸುವುದಿಲ್ಲ. ಅದು ಅಪರಾಧ. ಆನೆಯೂ ಸಾಯುತ್ತದೆ, ನೀರು ಬಿಡಲು ಬಂದ ಪಕ್ಕದ ಹೊಲದವರೂ ಸಾಯುತ್ತಾರೆ.

ಬೆಟ್ಟಗಳ ಕಡೆ ಬಂದರೆ ಲೆಕ್ಕ ಬೇರೆ. ರಾಮನಗರ, ಮಾಗಡಿ, ಸಾವನದುರ್ಗದ ಬಂಡೆಗಳ ಸಂದಿಯಲ್ಲಿ ಕರಡಿ ಇದೆ. ಅದಕ್ಕೆ ಕಣ್ಣು ಮಂದ. ಗೆದ್ದಲು ಹೀರುತ್ತಾ ಮೂತಿ ನೆಲಕ್ಕೆ ಊರಿ ನಿಂತಿದ್ದರೆ ಕಿವಿಗೂ ಏನೂ ಬೀಳುವುದಿಲ್ಲ. ನೀವು ಮೆತ್ತಗೆ ನಡೆದುಕೊಂಡು ಹತ್ತಿರ ಹೋದರೆ ಗಾಬರಿಯಾಗಿ ಮೇಲೆ ಬೀಳುತ್ತದೆ. ಆನೆ ಹತ್ತಿರ ಮೌನ ಒಳ್ಳೆಯದು, ಕರಡಿ ಜಾಗದಲ್ಲಿ ಗಲಾಟೆ ಒಳ್ಳೆಯದು. ಹಕ್ಕಿ ನೋಡುವವರಿಗೆ ಇದು ಒಗ್ಗುವುದಿಲ್ಲ, ಅಲ್ವಾ? ನಾನೇನು ಮಾಡುತ್ತೇನೆ ಅಂದರೆ, ಪೊದೆ ದಟ್ಟವಾದ ಕಡೆ, ಬಂಡೆಯ ತಿರುವುಗಳಲ್ಲಿ ಜೋರಾಗಿ ಮಾತಾಡುತ್ತಾ, ಬಿದಿರು ಕೋಲನ್ನು ಕಲ್ಲಿಗೆ ಬಡಿಯುತ್ತಾ ದಾಟುತ್ತೇನೆ. ಬಯಲು ಸಿಕ್ಕ ಮೇಲೆ ಸುಮ್ಮನಾಗಿ ಬೈನಾಕ್ಯುಲರ್ ತೆಗೆಯುತ್ತೇನೆ. ಆ ಐದು ನಿಮಿಷದ ಹಕ್ಕಿಗಳು ಹೋದರೆ ಹೋಗಲಿ. ಹೊಸದಾಗಿ ಕೆದಕಿದ ಹುತ್ತ, ಎಲಚಿ ಬೀಜ ತುಂಬಿದ ಹಿಕ್ಕೆ ಕಂಡರೆ ಬೇರೆ ದಾರಿ ಹಿಡಿಯುತ್ತೇನೆ. ಗುಹೆಯ ಬಾಯಿಗೆ ಇಣುಕಿ ಸೆಲ್ಫಿ ತೆಗೆಯುವವರ ಜೊತೆ ನಾನು ಹೋಗುವುದೇ ಇಲ್ಲ.

ಕರಡಿಗೆ ಹೆದರಿ ಮರ ಹತ್ತುವುದರಲ್ಲೂ ಅರ್ಥವಿಲ್ಲ, ಅದು ನಮಗಿಂತ ಚೆನ್ನಾಗಿ ಹತ್ತುತ್ತದೆ. ಓಡಿದರೂ ನಮಗಿಂತ ಬೇಗ. ದೂರದಲ್ಲಿ ಕಂಡರೆ ನಿಧಾನವಾಗಿ ಹಿಂದೆ ಸರಿಯಬೇಕು. ಮೇಲೆ ಬಿದ್ದೇಬಿಟ್ಟಿತು ಅನ್ನುವಾಗ ಮಾಡಬೇಕಾದ್ದು ಮುಖ ಉಳಿಸಿಕೊಳ್ಳುವುದು, ಯಾಕೆಂದರೆ ಅದು ಕೈ ಹಾಕುವುದೇ ಮುಖ, ತಲೆಗೆ. ಬೋರಲಾಗಿ ಮಲಗಿ, ಎರಡೂ ಕೈ ಬೆರಳು ಹೆಣೆದು ಕುತ್ತಿಗೆಯ ಹಿಂದೆ ಇಟ್ಟು, ಬ್ಯಾಗ್ ಬೆನ್ನ ಮೇಲೆ ಹಾಗೇ ಇರಲು ಬಿಟ್ಟು ಅಲ್ಲಾಡದೆ ಇರುವುದು. ಅದಕ್ಕೇ ಒಂದು ದಿನದ ಓಡಾಟಕ್ಕೂ ನಾನು ಬೆನ್ನಿಗೆ ದಪ್ಪ ಬ್ಯಾಗ್ ಹಾಕುತ್ತೇನೆ, ಸೈಡ್ ಬ್ಯಾಗ್ ಅಲ್ಲ.

ನಿಜ ಹೇಳಬೇಕೆಂದರೆ ಈ ಬೆಟ್ಟಗಳಲ್ಲಿ ನಾನು ಕರಡಿಗಿಂತ ಹೆಜ್ಜೇನಿಗೆ ಜಾಸ್ತಿ ಹೆದರುತ್ತೇನೆ. ಬಂಡೆಯ ಚಾಚಿನ ಕೆಳಗೆ ಕಪ್ಪಗೆ ಜೋತುಬಿದ್ದಿರುತ್ತವೆ. ಯಾರೋ ಸಿಗರೇಟು ಹಚ್ಚಿದರೆ, ಕಲ್ಲು ಎಸೆದರೆ ಸಾಕು. ಎದ್ದರೆ ಅಲ್ಲಿ ಅಲ್ಲಾಡದೆ ಮಲಗುವ ಉಪಾಯ ನಡೆಯುವುದಿಲ್ಲ. ಮುಖ ಮುಚ್ಚಿಕೊಂಡು ಓಡಬೇಕು, ಕಾರೋ ಮನೆಯೋ ಸಿಗುವವರೆಗೆ. ಕೈ ಬೀಸಿ ಹೊಡೆಯಲು ಹೋಗಬಾರದು, ನೀರಿಗೂ ಹಾರಬಾರದು. ಬ್ಯಾಗಿನಲ್ಲಿ ತೆಳ್ಳನೆಯ ಹತ್ತಿ ದುಪಟ್ಟಾ ಇರುವುದು ಇದಕ್ಕೇ. ಅತ್ತರು, ಪರ್ಫ್ಯೂಮ್ ಹಾಕಿಕೊಂಡು ಬಂದವರನ್ನು ಬಂಡೆ ಕಡೆ ಕರೆದೊಯ್ಯುವುದಿಲ್ಲ. ಅವರಿಗೆ ಬೇಜಾರಾದರೂ ಪರವಾಗಿಲ್ಲ.

ಅಂದ ಹಾಗೆ, ಕಾಯ್ದಿಟ್ಟ ಅರಣ್ಯದ ಟ್ರೆಕ್ಕಿಂಗ್ ದಾರಿಗಳಿಗೆ ಇಲಾಖೆಯ ಅನುಮತಿ ಮತ್ತು ಗೈಡ್ ಬೇಕು. ಕೆಲವರಿಗೆ ಇದು ಸುಮ್ನೆ ತೊಂದರೆ ಅನಿಸುತ್ತದೆ. ಗೈಡ್ ಆಗಿ ಬರುವವರು ಅದೇ ಊರಿನವರು. ಇವತ್ತು ಬೆಳಗ್ಗೆ ಯಾವ ಕಡೆ ಏನು ಕಂಡಿತು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಆ ಸುದ್ದಿ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಹಾವಿನ ವಿಷಯಕ್ಕೆ ಬಂದರೆ, ಕಾಡಿಗಿಂತ ತೋಟದಲ್ಲೇ ಎಚ್ಚರ ಜಾಸ್ತಿ ಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರಿಂದಲೇ ನಮ್ಮಲ್ಲಿ ಹೆಚ್ಚಿನ ಸಾವು. ಕೊಳಕುಮಂಡಲ ಕುಕ್ಕರ್ ಸೀಟಿ ಹೊಡೆದ ಹಾಗೆ ಬುಸುಗುಟ್ಟುತ್ತದೆ, ಒಂದು ಸಲ ಕೇಳಿದರೆ ಮರೆಯುವುದಿಲ್ಲ. ಕಟ್ಟುಹಾವು ಹಾಗಲ್ಲ, ಸದ್ದೇ ಇಲ್ಲ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಬಹಳ ಸಲ ನೋವೂ ಗೊತ್ತಾಗುವುದಿಲ್ಲ. ತೋಟದಲ್ಲಿ ಉಳಿಯುವ ರಾತ್ರಿ ಎಲ್ಲರಿಗೂ ಮಂಚ, ಸೊಳ್ಳೆಪರದೆ, ಪರದೆಯ ಅಂಚು ಹಾಸಿಗೆಯ ಕೆಳಗೆ ಸಿಕ್ಕಿಸಿರಬೇಕು. ಕತ್ತಲಲ್ಲಿ ಹತ್ತು ಹೆಜ್ಜೆಗೂ ಟಾರ್ಚ್, ಗಮ್ ಬೂಟ್. ಬೂಟನ್ನು ಕೊಡವಿ ಹಾಕಿಕೊಳ್ಳುವುದು. ಸೌದೆ, ಹೆಂಚಿನ ರಾಶಿ ಮನೆಗೆ ತಾಗಿಸಿ ಇಡುವುದಿಲ್ಲ. ಕೇರೆಹಾವನ್ನು ಹೊಡೆಯಲು ಬಿಡುವುದಿಲ್ಲ, ಇಲಿ ಕಾಟಕ್ಕೆ ಅದಕ್ಕಿಂತ ಒಳ್ಳೆಯ ಕಾವಲುಗಾರ ಇಲ್ಲ.

ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು, ನಾಟಿ ಔಷಧಿಗೆ ಓಡುವುದು ಯಾವುದೂ ಇಲ್ಲ. ಉಂಗುರ, ಬಳೆ, ಕಾಲುಂಗುರ ತೆಗೆದು, ಕಚ್ಚಿದ ಕೈಯನ್ನೋ ಕಾಲನ್ನೋ ಅಲ್ಲಾಡದ ಹಾಗೆ ಇಟ್ಟು, ನಡೆಸದೆ ಆಸ್ಪತ್ರೆಗೆ ಒಯ್ಯುವುದು. ವಿಷಕ್ಕೆ ಇರುವ ಔಷಧ ಪ್ರತಿವಿಷದ ಇಂಜೆಕ್ಷನ್ ಒಂದೇ. ಅದು ಆ ನಾಲ್ಕೂ ಹಾವುಗಳಿಗೆ ಸೇರಿಸಿ ಮಾಡಿದ್ದು, ಹಾವನ್ನು ಹಿಡಿದು ತೋರಿಸುವ ಅಗತ್ಯ ಇಲ್ಲ. ತೋಟಕ್ಕೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಇಂಜೆಕ್ಷನ್ ಸದಾ ಇರುತ್ತದೆ, ರಾತ್ರಿ ವೈದ್ಯರು ಇರುತ್ತಾರಾ ಅಂತ ನಾನು ಮಳೆಗಾಲಕ್ಕೆ ಮುಂಚೆ ಹೋಗಿ ವಿಚಾರಿಸಿ ಬರುತ್ತೇನೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿದೆ. ಒಳ್ಳೆಯ ಕೆಲಸ. ಲೆಕ್ಕ ಸಿಕ್ಕರೆ ತಾನೇ ಔಷಧಿ ಸರಿಯಾದ ಕಡೆ ತಲುಪುವುದು.

ಚಿರತೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಅದನ್ನು ನೋಡಲು ತೋಟಕ್ಕೆ ಹೋಗಬೇಕಾಗಿಲ್ಲ. ತುರಹಳ್ಳಿ, ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆಯ ಅಪಾರ್ಟ್‌ಮೆಂಟ್‌ಗಳವರೆಗೂ ಅದು ಬರುತ್ತದೆ. ಕಾಡಂಚಿನ ಬಡಾವಣೆಗಳಲ್ಲಿ ಕಸದ ರಾಶಿ ಇದೆ, ಕಸಕ್ಕೆ ಬೀದಿನಾಯಿಗಳಿವೆ, ನಾಯಿಗಳಿಗೆ ಚಿರತೆ ಬರುತ್ತದೆ. ಇಷ್ಟು ನೇರ. ನಮ್ಮ ಪರಿಚಯದವರ ಒಂದು ಲೇಔಟ್‌ನಲ್ಲಿ ಚಿರತೆ ಕಂಡಿತು ಅಂತ ಗಲಾಟೆ ಎದ್ದಾಗ ಎಲ್ಲರೂ ಬೋನು ಇಡಿಸಿ ಅಂದರು. ನಾನು ಖಾಲಿ ಸೈಟಿನಲ್ಲಿ ಸುರಿದ ಕೋಳಿ ಅಂಗಡಿಯ ಕಸ ತೋರಿಸಿದೆ. ಅಲ್ಲೇ ಒದ್ದೆ ಮಣ್ಣಿನಲ್ಲಿ ಹೆಜ್ಜೆಗಳಿದ್ದವು. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡಿರುತ್ತದೆ. ಚಿರತೆ ಉಗುರು ಒಳಗೆಳೆದುಕೊಂಡು ನಡೆಯುತ್ತದೆ, ಹೆಜ್ಜೆ ದುಂಡಗೆ, ನುಣುಪಾಗಿರುತ್ತದೆ. ನಾಯಿಗಳ ಗುರುತು ತುಂಬಾ, ಅವುಗಳ ಪಕ್ಕದಲ್ಲೇ ದುಂಡನೆಯ ಹೆಜ್ಜೆಗಳ ಒಂದು ಸಾಲು. ಇದಕ್ಕಿಂತ ಬೇರೆ ವಿವರಣೆ ಬೇಕಾಗಲಿಲ್ಲ. ಕಸ ತೆಗೆಸಿದರು, ಆ ಸೈಟಿನ ಪೊದೆ ಸವರಿಸಿದರು, ದೀಪ ಹಾಕಿಸಿದರು.

ಎದುರಿಗೆ ಸಿಕ್ಕರೆ ಓಡಬಾರದು, ಕೂರಬಾರದು, ಬಗ್ಗಬಾರದು. ಓಡಿದರೆ ಅಟ್ಟಿಸಿಕೊಂಡು ಬರುವುದು ಬೆಕ್ಕಿನ ಜಾತಿಯ ಸ್ವಭಾವ. ಮಕ್ಕಳಿದ್ದರೆ ಕಣ್ಣು ಅದರ ಮೇಲಿಟ್ಟೇ ಎತ್ತಿಕೊಳ್ಳಬೇಕು, ಕೈ ಮೇಲೆತ್ತಿ ದೊಡ್ಡದಾಗಿ ಕಾಣಬೇಕು, ಗಟ್ಟಿ ದನಿಯಲ್ಲಿ ಮಾತಾಡುತ್ತಾ ಹಿಂದೆ ಸರಿಯಬೇಕು. ಬಹುತೇಕ ಸಲ ಅದು ನಮಗಿಂತ ಮೊದಲೇ ಜಾಗ ಖಾಲಿ ಮಾಡುತ್ತದೆ. ಕತ್ತಲಾದ ಮೇಲೆ ಮಕ್ಕಳನ್ನು ಒಬ್ಬರೇ ಹೊರಗೆ ಬಿಡುವುದಿಲ್ಲ. ಸಾಕಿದ ನಾಯಿಯನ್ನು ರಾತ್ರಿ ಒಳಗೆ ಕಟ್ಟುತ್ತೇವೆ. ತೋಟದ ಕುರಿಗಳಿಗೆ ನಾಲ್ಕು ಗೋಡೆ ಜೊತೆ ಮೇಲ್ಛಾವಣಿಯೂ ಇರುವ ದೊಡ್ಡಿ. ಮೇಲೆ ಮುಚ್ಚದ ದೊಡ್ಡಿ ಇದ್ದೂ ಇಲ್ಲದ ಹಾಗೆ.

ಚಿರತೆ ಊರೊಳಗೆ ಸಿಕ್ಕಿಬಿದ್ದಾಗ ಮಾತ್ರ ಪರಿಸ್ಥಿತಿ ಬೇರೆ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಪೂರ್ವದ ಒಂದು ಶಾಲೆಯೊಳಗೆ ಚಿರತೆ ನುಗ್ಗಿದ್ದು ನೆನಪಿರಬಹುದು. ಅಂದು ಭಾನುವಾರ, ಮಕ್ಕಳಿರಲಿಲ್ಲ, ಪುಣ್ಯ. ಹಿಡಿಯಲು ಹೋದವರಲ್ಲಿ ಕೆಲವರಿಗೆ ಗಾಯಗಳಾದವು. 2023ರ ನವೆಂಬರ್‌ನಲ್ಲಿ ಕೂಡ್ಲು ಗೇಟ್ ಕಡೆ ಓಡಾಡುತ್ತಿದ್ದ ಚಿರತೆ ಹಿಡಿದ ದಿನವೇ ಸತ್ತಿತು. ಇಂಥ ಸಂದರ್ಭದಲ್ಲಿ ಅದಕ್ಕೆ ಹೋಗಲು ದಾರಿ ಇರುವುದಿಲ್ಲ, ಸುತ್ತ ಜನ ಮೊಬೈಲ್ ಹಿಡಿದು ನಿಂತಿರುತ್ತಾರೆ. ಪೆಟ್ಟಾಗುವುದೇ ಆಗ. ರೂಮಿನೊಳಗೆ ಹೊಕ್ಕಿದ್ದರೆ ಹೊರಗಿನಿಂದ ಬಾಗಿಲು ಹಾಕಿ, ಜನರನ್ನು ಚದುರಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಬೇಕು. ಪೊಲೀಸರಿಗೆ 112. ಪಾರ್ಕಿಂಗ್‌ನಂಥ ತೆರೆದ ಜಾಗದಲ್ಲಿ ಕಂಡರೆ ಗೇಟು ತೆಗೆದಿಟ್ಟು ಎಲ್ಲರೂ ಒಳಗೆ ಇರುವುದು. ಕತ್ತಲಲ್ಲಿ ತಾನಾಗಿ ಹೋಗುತ್ತದೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದನ್ನು ಹೇಳಿದಾಗ ಕಾರ್ಯದರ್ಶಿಗಳು, 'ಮೇಡಂ, ಗೇಟ್ ತೆಗೆದಿಡೋದಾ? ಹಾಕೋದಲ್ವಾ?' ಅಂದರು. ಹಾಕಿದರೆ ಅದು ರಾತ್ರಿಯಿಡೀ ನಮ್ಮ ಜೊತೆಯೇ ಇರುತ್ತದೆ ಸರ್ ಅಂದೆ. ಈಗ ಸೆಕ್ಯೂರಿಟಿ ಕ್ಯಾಬಿನ್‌ನಲ್ಲಿ ಅರ್ಧ ಪುಟದ ಸೂಚನೆ ಅಂಟಿಸಿದ್ದೇವೆ, ಕನ್ನಡದಲ್ಲೂ ಹಿಂದಿಯಲ್ಲೂ. ರಾತ್ರಿ ಪಾಳಿಯವರ ಫೋನಿನಲ್ಲಿ 1926 ಸೇವ್ ಮಾಡಿಸಿದ್ದೇನೆ. ಏಜೆನ್ಸಿಯವರು ಎರಡು ಮೂರು ತಿಂಗಳಿಗೊಮ್ಮೆ ಹುಡುಗರನ್ನು ಬದಲಾಯಿಸುತ್ತಾರೆ, ಪ್ರತಿ ಸಲವೂ ಹೊಸಬರ ಫೋನ್ ಇಸಿದುಕೊಂಡು ಮತ್ತೆ ಸೇವ್ ಮಾಡಿಕೊಡಬೇಕು.